ಗೋಡೆಗೆ ಅಂಟಿಸಿದ ಮಡಿ

ನಿವೃತ್ತಿಯಾದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಜೀವಮಾನವಿಡೀ ಸೂಕ್ಷ್ಮಾಣುಗಳ ಜೊತೆ ಕಳೆದಿರಲ್ಲ ಮೇಡಂ, ಹೆದರಿಕೆ ಆಗ್ಲಿಲ್ವಾ?" ಸೂಕ್ಷ್ಮಾಣುಗಳು ನನ್ನನ್ನು ಒಂದು ದಿನವೂ ಹೆದರಿಸಲಿಲ್ಲ. ಉಪ್ಪು ಹೆಚ್ಚು ಮಾಡಿದರೆ ಕೆಲವು ಸುಮ್ಮನಾಗುತ್ತವೆ, ಬೆಚ್ಚಗಿಟ್ಟರೆ ಕೆಲವು ಹಿಗ್ಗುತ್ತವೆ, ಗಾಳಿ ತಪ್ಪಿಸಿದರೆ ಕೆಲವು ಸಾಯುತ್ತವೆ. ಹೇಳಿದ ಮಾತು ಕೇಳುವ ಸಂಭಾವಿತ ಜೀವಿಗಳು. ನನ್ನ ಎದೆ ಧಸಕ್ಕೆನಿಸಿದ್ದೆಲ್ಲ ಮನುಷ್ಯರೇ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರೇ, ನೀವು ಪುಸ್ತಕದಲ್ಲಿ ಮೊದಲನೆಯದನ್ನು ಓದಿಕೊಂಡು ಬರುತ್ತೀರಿ. ಎರಡನೆಯದನ್ನು ನಾನು ಹೇಳುತ್ತೇನೆ.

ನಾನಿದ್ದದ್ದು ಒಂದು ಆಹಾರ ಸಂಶೋಧನಾ ಕೇಂದ್ರದ ವಿಸ್ತರಣಾ ವಿಭಾಗದಲ್ಲಿ. ಅರ್ಧ ದಿನ ಲ್ಯಾಬು, ಅರ್ಧ ದಿನ ಬಸ್ಸು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ಏನು ಹುಳಿ ಬಂದರೂ, ಉಕ್ಕಿದರೂ, ಬೂಷ್ಟು ಹಿಡಿದರೂ ಅದು ನನ್ನ ಪಾಲು. ಉಪ್ಪಿನಕಾಯಿ, ವೈನು, ವಿನೆಗರ್, ಮೊಸರು, ಕಾಫಿ ಬೀಜ ಹುದುಗಿಸುವುದು, ಯಾವುದನ್ನೂ ಬಿಟ್ಟಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಮುತ್ತಿನಕೊಪ್ಪದ ಒಬ್ಬರು ನೇರಳೆ ಹಣ್ಣಿನ ವೈನ್ ಮಾಡಿದ್ದರು. ಇನ್ನೂ ಹುದುಗುತ್ತಿರುವ ವೈನು, ಬಾಟಲಿಗೆ ಬಿರಡೆ ಸಡಿಲವಾಗಿರಲಿ ಎಂದು ಹೇಳಿ ಸ್ಯಾಂಪಲ್ ಕೇಳಿದ್ದೆ. ಲ್ಯಾಬಿಗೆ ಹೋಗುವ ವಸ್ತು ಸೋರಿದರೆ ಮರ್ಯಾದೆಗೇಡು ಎಂದುಕೊಂಡ ಪುಣ್ಯಾತ್ಮರು ಬಿರಡೆಯನ್ನು ಗುದ್ದಿ ಕೂರಿಸಿ, ಮೇಲೆ ಮೇಣವನ್ನೂ ಸುರಿದು ಕೊಟ್ಟರು. ನಾನು ನೋಡದೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ರಸ್ತೆಯ ಕುಲುಕಾಟಕ್ಕೆ ಬಾಟಲಿ ಢಮ್ಮೆಂದಿತು. ಮುಂದಿನ ಸೀಟಿನವರ ಬಿಳಿ ಪಂಚೆ ನೇರಳೆಯಾಯಿತು. ಡ್ರೈವರ್ ಬ್ರೇಕ್ ಹಾಕಿದ. ಕಂಡಕ್ಟರ್ ಓಡಿ ಬಂದು, "ಎಂತ ಬಾಂಬಾ ಮಾರಾಯ್ರೆ ಇದು?" ಎಂದು ಕೂಗಿದ. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು, "ಔಷಧಿ, ಔಷಧಿ" ಎಂಬ ಸುಳ್ಳು. ಅಷ್ಟರಲ್ಲಿ ಬಸ್ಸಿನ ತುಂಬ ವಾಸನೆ ಹಬ್ಬಿತ್ತು. ಹಿಂದಿನ ಸೀಟಿನಿಂದ ಇಬ್ಬರು ಮೂವರು ಮುಂದೆ ಬಂದು, ಈ ಔಷಧಿ ಎಲ್ಲಿ ಸಿಗುತ್ತದೆ ಎಂದು ಬಹಳ ವಿನಯದಿಂದ ವಿಚಾರಿಸಿದರು.

ಆಗ ಮೂಗು, ನಾಲಿಗೆ ಮತ್ತು ಲಿಟ್ಮಸ್ ಕಾಗದ ಇವೇ ನಮ್ಮ ಉಪಕರಣಗಳು. ಕಡೆಕಡೆಗೆ ಜೇಬಿನಲ್ಲಿಡುವ ಪೆನ್ನಿನಂಥ ಪಿಎಚ್ ಮೀಟರ್ ಬಂತು, ಆಮೇಲೆ ವಾಟ್ಸಾಪ್ ಬಂತು. ಜನ ಭರಣಿಯ ಫೋಟೋ ಕಳಿಸತೊಡಗಿದರು. ಮೆಣಸೆಯಿಂದ ಒಬ್ಬರು ಹಸಿರು ಬೂಷ್ಟು ಹಿಡಿದ ಹಲಸಿನ ಸೊಳೆಯ ಫೋಟೋ ಕಳಿಸಿ, "ತಿನ್ನಬಹುದಾ?" ಎಂದು ಕೇಳಿದರು. ನಾನು ಹೌಹಾರಿ, "ಖಂಡಿತ ಬೇಡ, ಗುಂಡಿ ತೋಡಿ ಹುಗಿಯಿರಿ" ಎಂದು ಬರೆದೆ. "ಸರಿ ಮೇಡಂ. ನಿನ್ನೆ ತಿಂದಾಯ್ತು, ರುಚಿ ಇತ್ತು" ಎಂದು ಉತ್ತರ ಬಂತು. ಆ ಮನೆಯವರೆಲ್ಲ ಆರೋಗ್ಯವಾಗಿದ್ದಾರೆ ಎಂದು ಗೊತ್ತಾಗುವವರೆಗೆ ನನಗೆ ಊಟ ಸೇರಲಿಲ್ಲ.

ಇನ್ನು ಮೇಲಧಿಕಾರಿಗಳ ವಿಷಯ. ಹಲವರು ಬಂದು ಹೋದರು. ಮರೆಯಲಾಗದವರು ಒಬ್ಬರೇ, ಅವರನ್ನು ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಒಳ್ಳೆಯ ವಿಜ್ಞಾನಿ, ಕನ್ನಡದ ಮೇಲೆ ವಿಪರೀತ ಪ್ರೀತಿ. ಕೇಂದ್ರದಿಂದ ಹೊರಡುವ ಯಾವ ಕಾಗದದಲ್ಲೂ ಇಂಗ್ಲಿಷ್ ಪದ ಇರಬಾರದು ಎಂದು ಹಟ ಹಿಡಿದಿದ್ದರು. ಮೊಸರಿಗೆ ಹಾಕುವ ಕಲ್ಚರ್‌ಗೆ ಹೆಪ್ಪು ಎಂಬ ಪದ ಪ್ರತಿ ಮನೆಯ ಅಡುಗೆಮನೆಯಲ್ಲಿದೆ. ಅದು ಅವರಿಗೆ ತೀರಾ ಸಾದಾ ಅನಿಸಿತು. ಶೃಂಗೇರಿಯಲ್ಲಿ ವಿದ್ವಾಂಸರೂ ಪುರೋಹಿತರೂ ತುಂಬಿದ್ದ ಸಭೆಯಲ್ಲಿ ಎದ್ದು ನಿಂತು, "ಮೊಸರು ಚೆನ್ನಾಗಿ ಆಗಬೇಕಾದರೆ ಮನೆಯಲ್ಲಿ ಒಳ್ಳೆಯ ಸಂಸ್ಕೃತಿ ಇರಬೇಕು, ಕೆಟ್ಟ ಸಂಸ್ಕೃತಿಯಿಂದ ಹಾಲು ಒಡೆಯುತ್ತದೆ" ಎಂದರು. ಸಭೆ ತಲೆದೂಗಿತು. ಹಿರಿಯರೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು, "ಸೈನ್ಸಿನವರು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಇದೇ ಮೊದಲು ಕೇಳಿದೆ" ಎಂದು ಅವರ ಕೈ ಹಿಡಿದುಕೊಂಡರು. ನಾನು ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಆ ದಿನ ನಕ್ಕೆ. ಇದೇ ಹುಚ್ಚು ಮುಂದೆ ಜಯಪುರದಲ್ಲಿ ಏನು ಮಾಡಿತು ಎಂಬುದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಜಯಪುರದ ಪೇಟೆಯ ಹಿಂದೆ ಒಂದು ಹಳೆಯ ಅಕ್ಕಿ ಗಿರಣಿಯ ಕಟ್ಟಡದಲ್ಲಿ ಹೆಂಗಸರ ಉಪ್ಪಿನಕಾಯಿ ಘಟಕವಿತ್ತು. ಬೇಸಿಗೆಯಲ್ಲಿ ಮಿಡಿ ಮಾವಿನಕಾಯಿ ಕೊಂಡು ಉಪ್ಪುನೀರಿನ ಡ್ರಮ್ಮುಗಳಲ್ಲಿ ಹಾಕಿಡುವುದು, ಮಳೆಗಾಲದಲ್ಲಿ ಒಂದೊಂದೇ ಡ್ರಮ್ ತೆರೆದು ಖಾರ ಬೆರೆಸಿ ಬಾಟಲಿಗೆ ತುಂಬುವುದು. ಶೃಂಗೇರಿಗೆ ಬರುವ ಯಾತ್ರಿಕರು ಕೊಂಡುಹೋಗುತ್ತಿದ್ದರು. ಘಟಕದ ಮುಖ್ಯಸ್ಥೆ ಸಾವಿತ್ರಮ್ಮ. ಪೇಟೆಯಿಂದ ಸ್ವಲ್ಪ ದೂರದ ತೋಟದ ಮನೆಯವರು, ಬಾಯಿ ಜೋರು, ಕೈ ಧಾರಾಳ. ಅವರ ಬಲಗೈಯಂತಿದ್ದವಳು ಜುಬೇದಾ. ಅವಳ ಗಂಡ ಬಸ್ ಸ್ಟ್ಯಾಂಡಿನ ಹತ್ತಿರ ಬಾಳೆಹಣ್ಣಿನ ಅಂಗಡಿ ಇಟ್ಟಿದ್ದ. ಟೈಲರ್ ಅಂಗಡಿಯ ಕೆಲಸ ಬಿಟ್ಟು ಘಟಕಕ್ಕೆ ಸೇರಿದ್ದಳು. ಅವಳು ನಕ್ಕರೆ ಪೇಟೆಯ ತನಕ ಕೇಳುತ್ತಿತ್ತು. ಇಬ್ಬರೂ ಒಂದೇ ಡ್ರಮ್ಮಿಗೆ ಆಚೆ ಈಚೆ ನಿಂತು ಜಗಳವಾಡುತ್ತ, ಮಿಡಿ ಅದುಮುತ್ತ ಕೆಲಸ ಮಾಡುತ್ತಿದ್ದರು. ಮೂರು ತಾಲ್ಲೂಕಿನಲ್ಲಿ ನಾನು ಎಲ್ಲರಿಗೂ ಮಾದರಿ ಎಂದು ತೋರಿಸುತ್ತಿದ್ದದ್ದು ಈ ಘಟಕವನ್ನೇ.

ಒಂದು ಮಳೆಗಾಲದಲ್ಲಿ ನಾನು ನರಸಿಂಹರಾಜಪುರದ ಕಡೆ ಬೇರೆ ತರಬೇತಿಗೆ ಹೋಗಿದ್ದೆ. ಜಯಪುರದಲ್ಲಿ ತರಬೇತಿ ಕೊಟ್ಟವರು ಸ್ವತಃ ಸಾಹೇಬರು. ವಾಪಸ್ಸು ಬಂದು ಘಟಕಕ್ಕೆ ಹೋದರೆ ಜುಬೇದಾ ಹೊರಗೆ ಜಗಲಿಯ ಮೇಲೆ ಕೂತು ಡ್ರಮ್ಮಿನ ಮುಚ್ಚಳ ಉಜ್ಜುತ್ತಿದ್ದಳು.

"ಇದೇನು ಜುಬೇದಾ, ಹೊರಗೆ?"

"ಇಲ್ಲಿ ಗಾಳಿ ಚೆನ್ನಾಗಿದೆ ಮೇಡಂ" ಎಂದಳು. ಮುಖ ಎತ್ತಲಿಲ್ಲ.

ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ನೆಲವೆಲ್ಲ ನೀರು. ಸಾವಿತ್ರಮ್ಮನೂ ಉಳಿದವರೂ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆ ಉಟ್ಟು, ಮೊಣಕೈಯಿಂದ ನೀರು ಸುರಿಸಿಕೊಂಡು ತೆರೆದ ಡ್ರಮ್ಮಿನ ಮೇಲೆ ಬಗ್ಗಿದ್ದರು. ಎದುರು ಗೋಡೆಯ ಮೇಲೆ ನಮ್ಮ ಕೇಂದ್ರದ ಮುದ್ರೆ ಇರುವ ದೊಡ್ಡ ಹಾಳೆ. ಅದರ ಮೇಲೆ ಕೆಂಪು ಅಕ್ಷರದಲ್ಲಿ: "ಘಟಕದೊಳಗೆ ಮಡಿ ಕಡ್ಡಾಯ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಸಾಹೇಬರಿಗೆ 'ಸ್ಟೆರೈಲ್', ಅಂದರೆ ಸೂಕ್ಷ್ಮಾಣುವಿಲ್ಲದ್ದು, ಎಂಬುದಕ್ಕೆ ಕನ್ನಡ ಬೇಕಿತ್ತು. ಸಿಕ್ಕಿಬಿಟ್ಟಿತ್ತು.

"ಸಾವಿತ್ರಮ್ಮ, ಇದೆಂಥದು ಇದು?" ಎಂದೆ.

"ನಿಮ್ಮ ಸಾಹೇಬ್ರೇ ಬಂದು ಹೇಳಿ ಹೋದದ್ದು ಮಾರಾಯ್ರೆ. ಮಡಿ ಅಂದ್ರೆ ಎಂತ ಅಂತ ನಮಗೆ ಕಲಿಸ್ಬೇಕಾ? ಮೊದಲೆಲ್ಲ ಉಟ್ಟ ಸೀರೇಲೇ ಬರ್ತಿದ್ವಿ. ಈಗ ಸರ್ಕಾರದವ್ರೇ ಮಡಿ ಅಂದ್ಮೇಲೆ ಬಿಡೋಕಾಗ್ತದಾ? ಈ ಮಳೇಲಿ ಮಡಿ ಸೀರೆ ಒಣಗೋದೂ ಇಲ್ಲ, ಹಂಗೇ ಉಟ್ಕಂಡ್ ಬಂದ್ವಿ."

"ಮನೇಲಿ ಉಪ್ಪಿನಕಾಯಿ ಭರಣಿಗೆ ಒದ್ದೆ ಕೈ ಹಾಕ್ತೀರಾ?"

"ಶಿವನೇ! ಹಾಕಿದ್ರೆ ನಮ್ಮತ್ತೆ ಕೈ ಮುರೀತಿದ್ರು. ಪಸೆ ತಾಗಿದ್ರೆ ಕೆಡೋದಿಲ್ವಾ?"

"ಮತ್ತೆ ಇಲ್ಲಿ?"

ಸಾವಿತ್ರಮ್ಮ ನನ್ನನ್ನು ಏನೂ ತಿಳಿಯದವಳ ಹಾಗೆ ನೋಡಿದರು. "ಅದು ಉಪ್ಪಿನಕಾಯಿ ಮೇಡಂ. ಇದು ಘಟಕ."

ಹುಟ್ಟಿದಾಗಿನಿಂದ ಗೊತ್ತಿದ್ದ ವಿದ್ಯೆಯನ್ನು ಒಂದು ಹಾಳೆ ಅಳಿಸಿಹಾಕಿತ್ತು. ಅದಕ್ಕೇ ನಾನು ಕಂಗಾಲಾಗಿದ್ದೆ. ಇನ್ನೊಂದು ಪ್ರಶ್ನೆ ಕೇಳಲು ಮನಸ್ಸಿರಲಿಲ್ಲ. ಆದರೂ ಕೇಳಿದೆ.

"ಜುಬೇದಾನ ಯಾಕೆ ಹೊರಗೆ ಕೂರಿಸಿದ್ದು?"

"ನಾನು ಕೂರಿಸ್ಲಿಲ್ಲ. ದೇವರಾಣೆ ಒಂದು ಮಾತೂ ಹೇಳ್ಲಿಲ್ಲ. ಅವಳೂ ಓದು ಬಂದವಳಲ್ವಾ? ಗೋಡೆ ನೋಡಿದ್ಳು, ಮುಚ್ಚಳ ತಗಂಡ್ಳು, ಹೋದ್ಳು."

"ನೀವು ಬೇಡ ಅನ್ನಬಹುದಿತ್ತಲ್ಲ?"

ಸಾವಿತ್ರಮ್ಮ ಡ್ರಮ್ಮಿನೊಳಗೆ ಕೈ ಆಡಿಸಿದರು. ಸೆರಗಿನ ತುದಿಯಿಂದ ನೀರು ಉಪ್ಪುನೀರಿಗೆ ತೊಟ್ಟಿಕ್ಕುತ್ತಿತ್ತು.

ಹೊರಗೆ ಬಂದು ಜುಬೇದಾಳ ಕೈ ಹಿಡಿದು ಎಬ್ಬಿಸಲು ನೋಡಿದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಬೇಡ ಮೇಡಂ. ನೀವು ಬಸ್ ಹತ್ತಿ ಹೋಗ್ತೀರಿ. ನಾನು ನಾಳೆ ಇದೇ ಪೇಟೇಲಿ ಇರ್ಬೇಕಲ್ಲ."

ಸಾಹೇಬರ ಹತ್ತಿರ ಹೋದೆ. ಅವರು ಖುಷಿಯಲ್ಲಿದ್ದರು. "ನಿರ್ಜೀವೀಕರಣ ಅಂದ್ರೆ ಯಾರಿಗೂ ತಲೆಗೆ ಹೋಗ್ತಿರಲಿಲ್ಲ. ಮಡಿ ಅಂದೆ ನೋಡಿ, ಒಂದೇ ದಿನದಲ್ಲಿ ಎಲ್ಲ ಪಾಲಿಸಿದ್ರು!" ಎಂದರು.

"ಸರ್, ಆ ಪದ ಕೊಳೆ ಯಾವುದು ಅಂತ ನೋಡೋದಿಲ್ಲ, ಜನ ಯಾರು ಅಂತ ನೋಡುತ್ತೆ. ಒಬ್ಬಳು ಹೊರಗೆ ಕೂತಿದ್ದಾಳೆ."

"ಪದಕ್ಕೆ ಎಲ್ಲಿಯ ಜಾತಿ? ಅದು ಅವರವರ ಮನಸ್ಸಿನಲ್ಲಿರೋದು. ನಾನು ಸೈನ್ಸ್ ಹೇಳಿದ್ದು." ಮೂರು ತಾಲ್ಲೂಕಿಗೂ ಸಾಕಾಗುವಷ್ಟು ಹಾಳೆ ಅಚ್ಚಿಗೆ ಹೋಗಿದೆ ಎಂದೂ ಹೇಳಿದರು. ಇಷ್ಟು ಓದಿದ ಮನುಷ್ಯ ಇದನ್ನು ನಂಬಿಕೊಂಡೇ ಹೇಳುತ್ತಿದ್ದಾನಲ್ಲ ಎಂಬುದು ನನ್ನನ್ನು ದಂಗುಬಡಿಸಿತು. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು.

ಒದ್ದೆ ಸೀರೆಯಲ್ಲಿ ಡ್ರಮ್ ತೆರೆಯಬೇಡಿ ಎಂದು ಸಾವಿತ್ರಮ್ಮನಿಗೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದೆ. "ಹಾಳೇಲಿ ಸಾಹೇಬ್ರ ಸಹಿ ಇದೆ, ಅವರೇ ಬಂದು ತೆಗೀಲಿ" ಎನ್ನುವುದು ಅವರ ಉತ್ತರ.

ಮಳೆಗಾಲ ಮುಗಿಯುವ ಮೊದಲೇ ಅವರಿಂದ ಕರೆ ಬಂತು. ಈ ಸಲ ಬಾಯಿ ಜೋರಿರಲಿಲ್ಲ. "ಮೇಡಂ, ಡ್ರಮ್ಮಲ್ಲಿ ಬಿಳಿ ಕೆನೆ ಕಟ್ಟಿದೆ. ಮಿಡಿ ಮೆತ್ತಗಾಗಿದೆ."

ಹೋಗಿ ಮುಚ್ಚಳ ತೆಗೆದರೆ ಹಳಸಿದ ವಾಸನೆ ಮುಖಕ್ಕೆ ರಾಚಿತು. ಒಂದಲ್ಲ, ತೆರೆದ ಡ್ರಮ್ಮುಗಳೆಲ್ಲ ಹಾಗೇ. ಆದರೆ ಅದಕ್ಕಿಂತ ಕೆಟ್ಟದ್ದು ನನಗೆ ಬಸ್ ಸ್ಟ್ಯಾಂಡಿನಲ್ಲೇ ಗೊತ್ತಾಗಿತ್ತು. ಮುಚ್ಚಳ ಮುಟ್ಟಿದ್ದು ಜುಬೇದಾ, ಹಾಗಾಗಿ ಕೆಟ್ಟದ್ದು ಜುಬೇದಾಳಿಂದ ಎಂದು ಪೇಟೆಯಲ್ಲಿ ಮಾತು ಎದ್ದಿತ್ತು. ಅವಳ ಗಂಡನ ಅಂಗಡಿಯಲ್ಲಿ ದಿನಾ ಹಣ್ಣು ಕೊಳ್ಳುತ್ತಿದ್ದವರು ಎದುರಿನ ಅಂಗಡಿಗೆ ಹೋಗುತ್ತಿದ್ದರು. ಬಾಳೆಗೊನೆಗಳು ಕಪ್ಪಾಗಿ ನೇತಾಡುತ್ತಿದ್ದವು. ಅವಳ ಕೆಲಸವಷ್ಟೇ ಅಲ್ಲ, ಈ ಊರಿನಲ್ಲಿ ಅವಳು ಮುಟ್ಟಿದ್ದನ್ನು ಜನ ತಿನ್ನುತ್ತಾರೋ ಇಲ್ಲವೋ ಎಂಬಲ್ಲಿಗೆ ವಿಷಯ ಬಂದು ನಿಂತಿತ್ತು.

ಸಾಹೇಬರು ಜೀಪಿನಲ್ಲಿ ಬಂದರು. ಎಲ್ಲ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಆ ಹೊರಗೆ ಕೂತ ಹೆಂಗಸಿನ ಕೈ ಸ್ಯಾಂಪಲ್ ತೆಗೀರಿ. ಅನುಮಾನ ಮುಗಿದುಹೋಗಲಿ" ಎಂದರು.

ವೃತ್ತಿಯಲ್ಲಿ ಮೇಲಧಿಕಾರಿಗೆ ಎದುರು ಮಾತಾಡಿದ್ದು ಬಹಳ ಸಲ ಇಲ್ಲ. ಅವತ್ತು ಜೋರಾಗಿಯೇ ಹೇಳಿದೆ. "ತೆಗೆದರೆ ಎಲ್ಲರ ಕೈಯದೂ ತೆಗೀತೀನಿ ಸರ್. ನಿಮ್ಮದೂ, ನನ್ನದೂ. ಸೀರೆಯ ಅಂಚಿಂದು, ಬಾವಿ ನೀರಿಂದು, ಮುಚ್ಚಳದ್ದು, ಎಲ್ಲ. ಇಲ್ಲದಿದ್ದರೆ ಯಾರದ್ದೂ ಇಲ್ಲ."

ಒಳಗಿದ್ದ ಹೆಂಗಸರಿಗೆಲ್ಲ ಕೇಳಿಸಿತು. ಸಾಹೇಬರು ಬೇರೆ ದಾರಿಯಿಲ್ಲದೆ ಮೊದಲು ತಾವೇ ಅಂಗೈ ಚಾಚಿದರು.

ಸೂಕ್ಷ್ಮಾಣು ಬೆಳೆಸುವ ತಟ್ಟೆಗಳಲ್ಲಿ ಗಟ್ಟಿಗಟ್ಟಿದ ಗಂಜಿಯಂಥ ಒಂದು ಆಹಾರ ಇರುತ್ತದೆ. ಅದರ ಮೇಲೆ ಬೆರಳೊತ್ತಿದರೆ, ಬೆರಳಲ್ಲಿ ಏನಿತ್ತೋ ಅದು ಕೆಲವು ದಿನಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಸಾವಿತ್ರಮ್ಮ ಬೆರಳು ಹಿಂದೆಳೆದುಕೊಂಡು, "ಇದ್ರೊಳಗೆ ಎಂತ ಹಾಕಿದೀರಿ?" ಎಂದು ಕೇಳಿದರು. ಕೆಲವು ತಟ್ಟೆಗಳಿಗೆ ಮಾಂಸದ ಸಾರ ಹಾಕುವುದುಂಟು. ನನ್ನ ಪುಣ್ಯಕ್ಕೆ ಇವು ಈಸ್ಟ್ ಬೆಳೆಸುವಂಥವು. "ಆಲೂಗಡ್ಡೆ ಸಾರು" ಎಂದೆ. ಅವರು ಒತ್ತಿದರು. ಕೊನೆಯಲ್ಲಿ ಜುಬೇದಾ ಒತ್ತಿದಳು. ಅವಳ ಬೆರಳು ನಡುಗುತ್ತಿದ್ದದ್ದಕ್ಕೆ ತಟ್ಟೆಯಲ್ಲಿ ಎರಡು ಗುರುತು ಮೂಡಿತು.

ಲ್ಯಾಬಿನಲ್ಲಿ ಆ ತಟ್ಟೆಗಳನ್ನು ತೆರೆಯುವಾಗ ಜುಬೇದಾಳದನ್ನು ಕೊನೆಗೆ ಇಟ್ಟುಕೊಂಡೆ. ಅವಳ ತಟ್ಟೆಯಲ್ಲೇ ಆ ಕೆನೆಯ ಈಸ್ಟ್ ಸಿಕ್ಕಿಬಿಟ್ಟರೆ? ಸಿಗಬಾರದೆಂದು ಪ್ರಾರ್ಥಿಸುತ್ತ ತಟ್ಟೆ ನೋಡುವುದು ವಿಜ್ಞಾನಿ ಮಾಡುವ ಕೆಲಸವಲ್ಲ. ನಾನು ಮಾಡಿದೆ.

ಎಲ್ಲರ ಕೈಯಲ್ಲೂ ಚುಕ್ಕೆಗಳೆದ್ದಿದ್ದವು. ಮನುಷ್ಯರ ಕೈ ಎಂದಮೇಲೆ ಏಳಲೇಬೇಕು. ಎಲ್ಲಕ್ಕಿಂತ ಹೆಚ್ಚು ಎದ್ದದ್ದು ಸಾಹೇಬರ ತಟ್ಟೆಯಲ್ಲಿ. ಆದರೆ ಡ್ರಮ್ಮಿನ ಕೆನೆಯಲ್ಲಿದ್ದ ಈಸ್ಟ್ ಯಾರ ಕೈಯಲ್ಲೂ ಇರಲಿಲ್ಲ, ಮುಚ್ಚಳಗಳಲ್ಲೂ ಬಾವಿ ನೀರಿನಲ್ಲೂ ಇರಲಿಲ್ಲ. ಅದು ದಟ್ಟವಾಗಿ ಬೆಳೆದು ನಿಂತದ್ದು ಒಣಗದ ಮಡಿ ಸೀರೆಗಳ ಅಂಚಿನಲ್ಲಿ. ತೊಟ್ಟಿಕ್ಕಿದ ನೀರಿನಿಂದ ಡ್ರಮ್ಮಿನ ಮೇಲ್ಭಾಗದ ಉಪ್ಪು ತೆಳುವಾಗಿತ್ತು, ಈಸ್ಟ್ ಅಲ್ಲಿ ಹಾಯಾಗಿ ನೆಲೆಯೂರಿತ್ತು. ಖಾತ್ರಿಗೆಂದು ಹೊರಗಿನ ಇನ್ನೊಂದು ಲ್ಯಾಬಿಗೂ ಕಳಿಸಿದೆ. ಅಲ್ಲಿಂದಲೂ ಅದೇ ಉತ್ತರ ಬಂತು.

ಸಾಹೇಬರೂ ನಾನೂ ಒಟ್ಟಿಗೆ ಜಯಪುರಕ್ಕೆ ಹೋದೆವು. ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಎಲ್ಲರಿಗೂ ಬಿಡಿಸಿ ಹೇಳಿದೆ. ಜುಬೇದಾ ಜಗಲಿಯಿಂದಲೇ ಕೇಳಿಸಿಕೊಂಡಳು. ಸಾಹೇಬರು ತಮ್ಮ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಫೈಲ್ ಮುಟ್ಟಿ ಮುಟ್ಟಿ ಹೀಗಾಗಿದೆ" ಎಂದರು. ಆಮೇಲೆ ಎದ್ದು ಹಾಳೆಯನ್ನು ಗೋಡೆಯಿಂದ ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡರು. "ಇನ್ಮೇಲೆ ಎಲ್ಲ ಕಡೆ 'ಒಣ ಕೈ, ಒಣ ಬಟ್ಟೆ' ಅಂತ ಹಾಕ್ಸಿ" ಎಂದು ನನಗೆ ಹೇಳಿ ಹೊರಟರು. ಜಗಲಿಯಲ್ಲಿ ಕೂತಿದ್ದವಳ ಪಕ್ಕದಲ್ಲೇ ಇಳಿದುಹೋದರು. ಒಂದು ಮಾತು ಆಡಲಿಲ್ಲ. ಜೀಪು ಹೋಗುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಸಾವಿತ್ರಮ್ಮ ಬಾಗಿಲಿಗೆ ಬಂದರು. "ಬಾ ಜುಬೇದಾ, ಒಳಗೆ ಬಾ. ಮೇಡಂ ಹೇಳಿದ್ರಲ್ಲ, ನಿಂದೆಂತದ್ದೂ ತಪ್ಪಿಲ್ಲ."

ಜುಬೇದಾ ಏಳಲಿಲ್ಲ. ನಾನು ಅವಳ ಮುಖದಲ್ಲಿ ಸಂತೋಷ ಹುಡುಕುತ್ತಿದ್ದೆ.

"ಈ ಸಲ ನಂದು ತಪ್ಪಿಲ್ಲ ಸಾವಿತ್ರಮ್ಮ. ಮುಂದಿನ ಸಲ ನಿಜವಾಗ್ಲೂ ನನ್ನ ಕೈಯಿಂದ್ಲೇ ಒಂದು ಡ್ರಮ್ ಕೆಟ್ರೆ? ಆಗ ಮತ್ತೆ ಇಲ್ಲೇ ಬಂದು ಕೂತ್ಕಬೇಕಾ?" ದನಿ ಏರಿಸದೆ ಹೇಳಿದಳು. "ನಿಮ್ಮ ಸೀರೆಯಿಂದ ಇಷ್ಟು ಡ್ರಮ್ ಹಾಳಾಯ್ತು ಅಂತ ಈಗಷ್ಟೇ ಹೇಳಿದ್ರು. ನಿಮ್ಮನ್ನ ಯಾರಾದ್ರೂ ಹೊರಗೆ ಕೂರಿಸಿದ್ರಾ?"

ನಾನು ಬೆಚ್ಚಿಬಿದ್ದೆ. ತಟ್ಟೆಗಳು ಅವಳನ್ನು ಕಾಪಾಡಿದವು ಎಂದು ಬೀಗಿಕೊಂಡು ನಿಂತಿದ್ದವಳು ನಾನು. ಅವಳು ಒಳಗೆ ಬರುವುದಕ್ಕೆ ತಟ್ಟೆಯ ಸಾಕ್ಷಿ ಯಾಕೆ ಬೇಕಾಯಿತು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಸಾವಿತ್ರಮ್ಮನ ಮುಖ ಕೆಂಪಾಯಿತು. ಈಗ ಜಗಳ ಎಂದುಕೊಂಡೆ. ಅವರು ದಡದಡ ಹೊಸ್ತಿಲು ದಾಟಿ ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಧೊಪ್ಪನೆ ಕೂತರು.

"ಕೂತೆ. ಆಯ್ತಾ? ಈಗ ನೀ ಹೋಗು ಒಳಗೆ" ಎಂದರು. ಕ್ಷಮೆ ಕೇಳುವ ದನಿಯಲ್ಲ ಅದು, ಬೈಯುವ ದನಿ. ಬಸ್ ಸ್ಟ್ಯಾಂಡಿಗೆ ಹೋಗುವವರು ನಿಂತು ನೋಡತೊಡಗಿದರು.

ಜುಬೇದಾ ಎದ್ದು, ಕೈಯನ್ನು ಒಣ ಟವೆಲಿಗೆ ಒರೆಸಿಕೊಂಡು ಒಳಗೆ ಹೋದಳು. ಹೆಂಗಸರು ದಾರಿ ಬಿಟ್ಟರು. ಕೆಡದೆ ಉಳಿದ ಡ್ರಮ್ಮುಗಳ ಉಪ್ಪುನೀರು ಬದಲಿಸಬೇಕಿತ್ತು. ಡ್ರಮ್ ಎಳೆದ ಸದ್ದಾಯಿತು, ಹಿಂದೆಯೇ ಅವಳ ದನಿ. "ಸಾವಿತ್ರಮ್ಮ, ಯಾವ ಉಪ್ಪಿನ ಮೂಟೆ ಒಡೀಲಿ?"

"ನನ್ನನ್ನ ಎಂತಕ್ಕೆ ಕೇಳ್ತೀಯ?" ಸಾವಿತ್ರಮ್ಮ ಸಿಟ್ಟಿನಿಂದ ಕೂಗಿದರು. "ನಾನು ಹೊರಗಿನವಳು!"

ಕೂಗಿದವರು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಆ ಮಾತು ಅವರಿಗೇ ಕೇಳಿಸಿಬಿಟ್ಟಿತ್ತು.